ಕಡೆಯ ಜೋಡಿಗೂ ಮುಂಚೆ

ತೇರು ಎಳೆದ ಮರುದಿನ ಕುಸ್ತಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಎಷ್ಟೋ ಊರುಗಳಲ್ಲಿ ಜಾತ್ರೆಯ ಕ್ರಮ ಇದೇ. ಬಿಸಿಲು ಇಳಿಯುವ ಹೊತ್ತಿಗೆ ಹದ ಮಾಡಿದ ಕಣದ ಸುತ್ತ ಜನ ಕೂಡುತ್ತಾರೆ. ಹಲಗೆಯ ಸದ್ದು ಏರುತ್ತದೆ. ಮೊದಲು ಇಳಿಯುವವರು ಎಂಟು ಹತ್ತು ವರ್ಷದ ಹುಡುಗರು. ಗೆದ್ದವನಿಗೆ ಒಂದು ತೆಂಗಿನಕಾಯಿ. ಹಾಗಾಗಿ ಅದಕ್ಕೆ ಕಾಯಿ ಕುಸ್ತಿ ಎಂದೇ ಹೆಸರು. ಆಮೇಲೆ ಇನಾಮು ಸ್ವಲ್ಪ ಸ್ವಲ್ಪವೇ ಬೆಳೆಯುತ್ತ ಹೋಗುತ್ತದೆ. ಐವತ್ತು, ನೂರು, ಐನೂರು. ನಡುವೆ ಯಾರೋ ಸಾಹುಕಾರರು ತಮ್ಮ ತಂದೆಯ ನೆನಪಿಗೆಂದು ಇಟ್ಟ ಬೆಳ್ಳಿ ಕಡಗ. ಹೊತ್ತು ಮುಳುಗುವಾಗ ಕಡೆಯ ಜೋಡಿ ಕಣಕ್ಕೆ ಬರುತ್ತದೆ. ಒಬ್ಬ ಕೊಲ್ಹಾಪುರದವನು, ಇನ್ನೊಬ್ಬ ಬೆಳಗಾವಿ ಕಡೆಯವನೋ ದಾವಣಗೆರೆಯವನೋ. ಮರುದಿನದ ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಅದು ಇವರಿಬ್ಬರ ಬಗ್ಗೆ ಮಾತ್ರ.

ಕಾಯಿ ಕುಸ್ತಿಯ ಹುಡುಗರಿಗೂ ಕಡೆಯ ಜೋಡಿಗೂ ನಡುವೆ ಮೂರು ತಾಸು ಕುಸ್ತಿ ನಡೆದಿರುತ್ತದೆ. ಇಪ್ಪತ್ತು ಮೂವತ್ತು ಜೋಡಿಗಳು ಬಂದು ಹೋಗಿರುತ್ತವೆ. ಇವರು ಹವ್ಯಾಸಿಗಳಲ್ಲ, ಏಕೆಂದರೆ ಹಣಕ್ಕಾಗಿಯೇ ಹಿಡಿಯುತ್ತಾರೆ. ಹೆಸರಾಂತರೂ ಅಲ್ಲ, ಏಕೆಂದರೆ ಮೂರು ಊರು ದಾಟಿದರೆ ಇವರನ್ನು ಬಲ್ಲವರಿಲ್ಲ. ಹದಿನೆಂಟಕ್ಕೆ ಶುರುವಾಗಿ ಮೂವತ್ತು ಮೂವತ್ತೆರಡಕ್ಕೆ ಮುಗಿಯುವ ಈ ಎರಡನೇ ಸಾಲಿನ ಪೈಲವಾನರ ಬಾಳಿಗೆ ಚರಿತ್ರೆಯಲ್ಲಿ ಬಹಳ ಹಳೆಯ ಬೇರು ಉಂಟು. ಆದರೆ ಚರಿತ್ರೆ ಬರೆದವರು ಹೆಚ್ಚಾಗಿ ಕಡೆಯ ಜೋಡಿಯ ಹೊತ್ತಿಗೆ ಬಂದು ಕೂತವರು.

ಪೈಲವಾನರನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೇ ಶತಮಾನದ ಮೂರನೆಯ ದಶಕದ ಸುಮಾರಿಗೆ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅದರಲ್ಲಿ ಮಲ್ಲರನ್ನು ದೇಹ, ಬಲ, ವಯಸ್ಸುಗಳ ಮೇಲೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ಮಟ್ಟಕ್ಕೆ ಹಂಚಿದೆ. ಅರಮನೆಯ ಖರ್ಚಿನಲ್ಲಿ ಅವರಿಗೆ ಉದ್ದು, ಮಾಂಸ, ಹಾಲು, ಮೊಸರು, ತುಪ್ಪ, ಸಕ್ಕರೆ ಕೊಡಬೇಕೆಂಬ ವಿವರ ಇದೆ. ಸಾಮಿನ ಬಗೆಗಳಿಗೂ ಹೆಸರಿವೆ: ಭಾರ ಎತ್ತುವುದು ಭಾರಶ್ರಮ, ಓಡಾಡುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬ ಹತ್ತಿ ಇಳಿಯುವುದು ಸ್ತಂಭಶ್ರಮ. ಮೈಸೂರಿನ ಜಟ್ಟಿಗಳ ಹೆಸರಿಗೂ ಈ ಜ್ಯೇಷ್ಠಿಕರಿಗೂ ನಂಟು ಹೇಳುವುದುಂಟು.

ಚಾಲುಕ್ಯರಿಗೆ ಕುಸ್ತಿಯ ಮೇಲೆ ಎಷ್ಟು ಮಮತೆ ಇತ್ತೆಂಬುದಕ್ಕೆ ಅವರ ಬಿರುದುಗಳೇ ಸಾಕ್ಷಿ. ಒಂದನೆಯ ಸೋಮೇಶ್ವರ ಆಹವಮಲ್ಲ, ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ, ಮಾನಸೋಲ್ಲಾಸದ ಸೋಮೇಶ್ವರ ಭೂಲೋಕಮಲ್ಲ, ಅವನ ಮಗ ಜಗದೇಕಮಲ್ಲ. ರಾಜ್ಯ ಆಳುವವನು ತನ್ನನ್ನು ಪೈಲವಾನನೆಂದು ಕರೆದುಕೊಳ್ಳುವುದರಲ್ಲಿ ಹೆಮ್ಮೆ ಪಡುತ್ತಿದ್ದ ಕಾಲ ಅದು. ವಿಜಯನಗರದಲ್ಲೂ ಅದು ಮುಂದುವರಿಯಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ನಸುಕಿನಲ್ಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಭಾರ ಎತ್ತಿ, ತನ್ನ ಪೈಲವಾನರಲ್ಲೊಬ್ಬನ ಜತೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ. ಆ ಪೈಲವಾನನ ಹೆಸರು ಅವನ ಬರಹದಲ್ಲಿ ಇಲ್ಲ. ದಿನಾಲೂ ಅರಸನ ಕೈಯಲ್ಲಿ ಬೀಳಬೇಕೋ, ಬೀಳದೆ ಉಳಿಯಬೇಕೋ ಎಂದು ಲೆಕ್ಕ ಹಾಕುತ್ತಿದ್ದ ಆ ಮನುಷ್ಯನ ಕಷ್ಟವನ್ನು ಊಹಿಸಬಹುದು.

ಇವತ್ತು ಬಾಗಲಕೋಟೆ ಕಡೆಯ ಗರಡಿಯಲ್ಲಿ ಕೇಳಿಬರುವ ಮಾತುಗಳು ಮಾತ್ರ ಚಾಲುಕ್ಯರ ಕಾಲದವಲ್ಲ. ಕುಸ್ತಿ, ಪೈಲವಾನ, ಉಸ್ತಾದ, ಖುರಾಕು ಇವೆಲ್ಲ ಪಾರಸಿಯಿಂದ ಬಂದವು. ತಾಲೀಮು ಅರಬ್ಬಿಯದು, 'ಕಲಿಕೆ' ಎಂದು ಅದರ ಅರ್ಥ. ಬಿಜಾಪುರದ ಆದಿಲಶಾಹಿಗಳ ಆಳಿಕೆಯ ಎರಡು ಶತಮಾನ ಈ ನುಡಿಗಳಲ್ಲಿ ಉಳಿದುಕೊಂಡಿದೆ. ಗರಡಿಯ ಗೋಡೆಯ ಮೇಲೆ ಹನುಮಪ್ಪ, ಕಲಿಸುವವರನ್ನು ಕರೆಯುವುದು ಉಸ್ತಾದರು ಎಂದು. ಕಲಿಯುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದರು, ಇದ್ದಾರೆ. ಕುಸ್ತಿಯಿಂದ ಕನ್ನಡಕ್ಕೆ ಬಂದ ಮಾತುಗಳೂ ಕಡಿಮೆಯಿಲ್ಲ. ರಾಜಕಾರಣಿಗಳು ದಿನಾ ಒಬ್ಬರಿಗೊಬ್ಬರು 'ಸೆಡ್ಡು ಹೊಡೆಯು'ತ್ತಾರೆ, ಚುನಾವಣೆಯ 'ಅಖಾಡ'ಕ್ಕೆ ಇಳಿಯುತ್ತಾರೆ, 'ಪಟ್ಟು' ಬಿಡುವುದಿಲ್ಲ, ಕೊನೆಗೆ ಯಾರೋ 'ಚಿತ್' ಆಗುತ್ತಾರೆ. ಸೋತವನು ಏನಾದರೊಂದು ನೆಪ ಹೇಳಿದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಇದ್ದೇ ಇದೆ. ಕಣದ ಮಣ್ಣನ್ನು ಒಮ್ಮೆಯೂ ಮುಟ್ಟದವರ ಬಾಯಲ್ಲೂ ಇವು ಸಲೀಸಾಗಿ ಬರುತ್ತವೆ.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಎರಡು ಬಗೆಯ ಆಳಿಕೆಗೆ ಹಂಚಿಹೋಗಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ನೇರವಾಗಿ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿ, 1880ರ ದಶಕದ ನಡುವಿನಿಂದ ಬಿಜಾಪುರ ಜಿಲ್ಲೆಯಲ್ಲಿ ಇದ್ದವು. ಪಕ್ಕದಲ್ಲೇ ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಒಂದು ಹೊಳೆ ದಾಟಿದರೆ ರಾಜರಿದ್ದರು, ಈಚೆ ಕಲೆಕ್ಟರರಿದ್ದರು. ಕಲೆಕ್ಟರನಿಗೆ ಪೈಲವಾನನನ್ನು ಸಾಕುವ ಕೆಲಸವಿಲ್ಲ. ಸಂಸ್ಥಾನಗಳಲ್ಲಿ ಪೈಲವಾನನಿಗೆ ಅರಮನೆಯ ಆಸರೆ ಸಿಕ್ಕೀತು. ಬಾಗಲಕೋಟೆ, ಹುನಗುಂದದಂಥ ಊರುಗಳಲ್ಲಿ ಅವನು ಊರ ಗೌಡರನ್ನು, ಅಡತಿ ವ್ಯಾಪಾರಿಗಳನ್ನು, ಜಾತ್ರೆಯ ಪಂಚರನ್ನು ನಂಬಬೇಕಾಯಿತು. ಈ ಭಾಗದಲ್ಲಿ ಕುಸ್ತಿ ಹೆಚ್ಚಾಗಿ ಜಾತ್ರೆಗೆ ಅಂಟಿಕೊಂಡು ಬೆಳೆದಿದ್ದರೆ ಅದರ ಒಂದು ಕಾರಣ ಇಲ್ಲಿದೆ ಎನ್ನಬಹುದು.

ಎಲ್ಲರ ಕಣ್ಣೂ ಇದ್ದದ್ದು ಕೊಲ್ಹಾಪುರದ ಮೇಲೆ. 1894ರಲ್ಲಿ ಪಟ್ಟಕ್ಕೆ ಬಂದ ಶಾಹೂ ಮಹಾರಾಜರಿಗೆ ಕುಸ್ತಿ ಎಂದರೆ ಜೀವ. 1902ರಲ್ಲಿ ಯುರೋಪಿಗೆ ಹೋಗಿಬಂದ ಅವರು ಅಲ್ಲಿನ ಹಳೆಯ ವರ್ತುಲ ರಂಗಸ್ಥಳಗಳ ಮಾದರಿಯಲ್ಲಿ, ಎಲ್ಲಿ ಕೂತರೂ ಕಣ ಕಾಣುವಂತೆ ಖಾಸಬಾಗ ಮೈದಾನ ಕಟ್ಟಿಸಿದರು. ಅದು 1912ರಲ್ಲಿ ಮುಗಿಯಿತು. ದೂರದ ಪಂಜಾಬಿನಿಂದಲೂ ಪೈಲವಾನರು ಬಂದರು. ಎರಡು ವರ್ಷದ ಹಿಂದೆಯಷ್ಟೇ, 1910ರಲ್ಲಿ, ಗಾಮಾ ಪೈಲವಾನ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೊನನ್ನು ಎದುರಿಸಿದ್ದ. ಮೊದಲ ದಿನ ಸಮನಾಗಿ ಬಿಟ್ಟು, ಮತ್ತೆ ಗೊತ್ತುಮಾಡಿದ ದಿನ ಎದುರಾಳಿ ಬಾರದೇ ಹೋದದ್ದರಿಂದ ಗಾಮಾನನ್ನು ಗೆದ್ದವನೆಂದು ಸಾರಿದ್ದರು. ಅಂದಿನಿಂದ ಹಳ್ಳಿ ಹಳ್ಳಿಯ ಗರಡಿಯಲ್ಲಿ ಪ್ರತಿ ಹುಡುಗನೂ ಗಾಮಾ ಆಗಬೇಕೆಂದು ಬೈಠಕ್ ಹೊಡೆದವನೇ.

ಆದರೆ ಗಾಮಾ ಆಗದವನ ದಿನಚರಿ ಹೇಗಿತ್ತು? ನಸುಕಿನ ನಾಲ್ಕಕ್ಕೆ ಎದ್ದು ಗರಡಿಗೆ. ಮೊದಲು ಕಣ ಅಗೆಯಬೇಕು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಿದ ಮಟ್ಟಿ ಅದು. ಗುದ್ದಲಿ ಹಾಕಿ ತಿರುವುವುದೇ ಒಂದು ಸಾಮು. ಆಮೇಲೆ ದಂಡ, ಬೈಠಕ್, ಗದೆ, ಹಗ್ಗ ಹತ್ತುವುದು, ಕಲ್ಲುಗುಂಡು. ಕೊನೆಗೆ ಜೋಡಿ ಕೂಡಿ ಹಿಡಿಯುವುದು. ಉಸ್ತಾದರು ಬದುವಿನ ಮೇಲೆ ಕೂತು 'ಕಾಲ ಹಿಡೀಲೆ, ಕುತಗಿ ಬಿಡಬ್ಯಾಡ' ಎಂದು ಕೂಗುತ್ತಿರುತ್ತಾರೆ. ಏಳರ ಹೊತ್ತಿಗೆ ಮುಗಿಸಿ, ಮೈಮೇಲಿನ ಮಣ್ಣು ಒಣಗುವವರೆಗೆ ಕೂತು, ಮಿಂದು, ಅವನು ಹೊಲಕ್ಕೋ ಮಗ್ಗಕ್ಕೋ ಹಮಾಲಿಗೋ ಹೋಗಬೇಕು. ರಾಜನ ಪೈಲವಾನನಾಗಿದ್ದರೆ ಈ ಹೊತ್ತಿಗೆ ಮಲಗುತ್ತಿದ್ದ. ಇಳಕಲ್, ಗುಳೇದಗುಡ್ಡದಂಥ ನೇಕಾರರ ಊರಿನಲ್ಲಿ ಕುಣಿಮಗ್ಗದಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕೂರುವವನಿಗೆ ಸಂಜೆ ಮತ್ತೆ ಬೈಠಕ್ ಹೊಡೆಯುವುದೆಂದರೆ ಹುಡುಗಾಟವಲ್ಲ.

ಸಾಮಿಗಿಂತ ದೊಡ್ಡ ಕಷ್ಟ ಖುರಾಕಿನದು. ಹಾಲು, ತುಪ್ಪ, ತತ್ತಿ, ಬಾಳೆಹಣ್ಣು, ತಿನ್ನುವವರಾದರೆ ಮಾಂಸ ಮತ್ತು ಕಾಲು ಸೂಪು, ಇದರ ಮೇಲೆ ಬದಾಮಿ ಅರೆದು ಹಾಕಿದ ಥಂಡಾಯಿ. ಬಾದಾಮಿ ಎಂಬ ಊರಿನ ಪೈಲವಾನನಿಗೆ ಬದಾಮಿಯೇ ತುಟ್ಟಿ ಎಂಬುದು ವಿಪರ್ಯಾಸ. ಒಬ್ಬ ಪೈಲವಾನನನ್ನು ಸಾಕುವುದು ಎರಡು ಎತ್ತು ಸಾಕಿದಂತೆ ಎಂದು ಹಿರಿಯರು ಹೇಳುವುದರಲ್ಲಿ ಅತಿಶಯವಿಲ್ಲ. ಒಂದು ಮನೆಯಲ್ಲಿ ಮೂವರು ಗಂಡುಮಕ್ಕಳಿದ್ದರೆ ಒಬ್ಬನನ್ನು ಗರಡಿಗೆ ಬಿಟ್ಟು, ಉಳಿದಿಬ್ಬರ ದುಡಿಮೆಯಲ್ಲಿ ಅವನ ಹಾಲು ತುಪ್ಪ ನಡೆಯುತ್ತಿತ್ತು. ಆ ಇಬ್ಬರ ತಟ್ಟೆಯಲ್ಲಿ ರೊಟ್ಟಿ, ಹಿಂಡಿ. ತಾಯಿಯ ತಟ್ಟೆಯಲ್ಲಿ ಏನಿತ್ತೆಂದು ಕೇಳುವ ಪದ್ಧತಿ ಇರಲಿಲ್ಲ. ಹೀಗೆ ಸಾಕಿಸಿಕೊಂಡವನಿಗೆ ಗೆಲ್ಲುವುದು ಬರೀ ಸ್ವಂತ ಮಾನದ ಮಾತಾಗಿ ಉಳಿಯುವುದಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಜಾತ್ರೆಗಳ ಕಾಲ ಶುರು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳು, ಬಾಗಿಲು ಚೌಕಟ್ಟು ಮಾರುವ ಬಡಿಗರು, ದನದ ಸಂತೆ ಎಲ್ಲ ಕೂಡಿದ ತಿಂಗಳುದ್ದದ ಜಾತ್ರೆ ಅದು. ಅಲ್ಲಿಂದ ಯುಗಾದಿ, ಬಸವ ಜಯಂತಿಯವರೆಗೆ ವಾರಕ್ಕೊಂದು ಎರಡು ಊರು. ಹನುಮಪ್ಪನ ಓಕುಳಿ ಇದ್ದಲ್ಲಿ ಕುಸ್ತಿ ತಪ್ಪುವುದು ಕಡಿಮೆ. ಮಳೆ ಬಿದ್ದಮೇಲೆ ಬಿಡುವು, ನಾಗರಪಂಚಮಿಗೆ, ಶ್ರಾವಣದ ಜಾತ್ರೆಗಳಿಗೆ ಮತ್ತೆ ಸ್ವಲ್ಪ. ಎರಡನೇ ಸಾಲಿನ ಪೈಲವಾನ ಒಂದು ಕೈಚೀಲದಲ್ಲಿ ಲಂಗೋಟಿ, ಜಾಂಗು, ಒಂದು ಬಾಟಲಿ ಎಣ್ಣೆ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಅದಕ್ಕೂ ಹಿಂದಿನ ತಲೆಮಾರು ಚಕ್ಕಡಿಯಲ್ಲಿ, ಇಲ್ಲವೇ ನಡೆದು ಹೋದವರು.

ಜೋಡಿ ಹಚ್ಚುವುದು ಕಣದ ಬದಿಯಲ್ಲೇ. ಪಂಚರು ಇಬ್ಬರನ್ನು ಎದುರುಬದುರು ನಿಲ್ಲಿಸಿ ಕುತ್ತಿಗೆ, ತೋಳು, ತೊಡೆ ನೋಡುತ್ತಾರೆ. ತಕ್ಕಡಿ ಇಲ್ಲ, ಕಣ್ಣಳತೆ. ಒಪ್ಪಿದರೆ ಕೈ ಹಿಡಿದು ಎತ್ತಿ ಇನಾಮು ಸಾರುತ್ತಾರೆ. ಇಲ್ಲಿಯೇ ಅವನ ವ್ಯವಹಾರ ಬುದ್ಧಿ ಬೇಕು. ತೀರ ಬಲ್ಲಿದನ ಜತೆ ಜೋಡಿ ಬಿದ್ದರೆ ಸೋಲು, ಪೆಟ್ಟು, ಮುಂದಿನ ನಾಲ್ಕು ಜಾತ್ರೆ ಖಾಲಿ. ತೀರ ಎಳಸಿನ ಜತೆ ಹಿಡಿದರೆ ಇನಾಮು ಸಣ್ಣದು, ಮೇಲಾಗಿ ಜನರ ನಗು. ಹತ್ತು ವರ್ಷ ಈ ಕಣಗಳಲ್ಲಿ ಉಳಿದವನೆಂದರೆ ಬರೀ ತೋಳಿನಿಂದ ಉಳಿದವನಲ್ಲ. ಜಂಗಿ ನಿಕಾಲಿ ಕುಸ್ತಿಗೆ ವೇಳೆಯ ಗಡುವು ಇಲ್ಲ. ಒಬ್ಬನ ಬೆನ್ನು ಮಣ್ಣಿಗೆ ಹತ್ತಬೇಕು, ಅಷ್ಟೇ. ಅರ್ಧ ತಾಸಾದರೂ ಆಯಿತು, ಹೆಚ್ಚಾದರೂ ಆಯಿತು. ಕತ್ತಲಾದರೆ ಪಂಚರು ಜೋಡಿ ಬಿಡಿಸಿ ಇನಾಮು ಹಂಚುತ್ತಾರೆ. ಗೆದ್ದವನು ರುಮಾಲು ಹಿಡಿದು ಜನರ ನಡುವೆ ಒಂದು ಸುತ್ತು ಬರುತ್ತಾನೆ. ಆಗ ಬೀಳುವ ಚಿಲ್ಲರೆ ಹಲವು ಸಲ ಇನಾಮಿಗಿಂತ ಹೆಚ್ಚು.

ಇದರಲ್ಲಿ ಮೋಸ ಇರಲಿಲ್ಲವೇ? ಇತ್ತು. ಇಬ್ಬರೂ ಮೊದಲೇ ಮಾತಾಡಿಕೊಂಡು, ಹತ್ತು ನಿಮಿಷ ಜಗ್ಗಾಡಿ, ಸಮ ಬಿಟ್ಟು ಹಣ ಹಂಚಿಕೊಳ್ಳುವುದಕ್ಕೆ ಹಿಂದಿ ಮರಾಠಿಯಲ್ಲಿ 'ನೂರಾ ಕುಸ್ತಿ' ಎಂಬ ಹೆಸರೇ ಇದೆ. ಜನ ಅದನ್ನು ಬೈಯುತ್ತಾರೆ, ಬೈಯಬೇಕಾದದ್ದೇ. ಆದರೆ ನಾಳೆ ಇನ್ನೊಂದು ಊರಿನಲ್ಲಿ ಇದೇ ಮೈಯಿಂದ ದುಡಿಯಬೇಕಾದ ಇಬ್ಬರು ಇವತ್ತು ಒಬ್ಬರ ಮೊಣಕಾಲನ್ನು ಒಬ್ಬರು ಉಳಿಸಿಕೊಂಡರೆ, ಅದನ್ನು ಕಳ್ಳತನದ ಲೆಕ್ಕಕ್ಕೇ ಪೂರ್ತಿ ಹಾಕುವುದೂ ಕಷ್ಟ.

ಇಂಥ ಬಾಳು ನಮ್ಮಲ್ಲಿ ಮಾತ್ರ ಎಂದೇನಿಲ್ಲ. ಜಗತ್ತಿನ ಆಚೆ ತುದಿಯ ಒಂದು ಆಟವನ್ನು ನೋಡಬಹುದು: ಕೆನಡಾ, ಅಮೆರಿಕದ ಐಸ್ ಹಾಕಿ. ಹಿಮಗಟ್ಟಿದ ಅಂಗಳದ ಮೇಲೆ, ಕಾಲಿಗೆ ಉಕ್ಕಿನ ಅಲಗಿನ ಬೂಟು ಕಟ್ಟಿಕೊಂಡು ಆಡುವ ಆಟ. ಅಲ್ಲಿ ಎಲ್ಲಕ್ಕೂ ಮೇಲಿನದು ನ್ಯಾಷನಲ್ ಹಾಕಿ ಲೀಗ್. ಅದರ ಕೆಳಗೆ 1936ರಿಂದ ಇರುವ ಅಮೆರಿಕನ್ ಹಾಕಿ ಲೀಗ್, ಅದಕ್ಕೂ ಕೆಳಗೆ ಇನ್ನಷ್ಟು. ಕೆಳಗಿನವರೂ ಸಂಬಳದ ಆಟಗಾರರೇ. ಬಸ್ಸಿನಲ್ಲಿ ಊರೂರು ತಿರುಗಿ, ಮೇಲಿನಿಂದ ಕರೆ ಬಂದೀತೆಂದು ಕಾಯುತ್ತಾರೆ. ಇವರಲ್ಲಿ ಎಲ್ಲರಿಗಿಂತ ಹೆಚ್ಚು ಕಾಯಬೇಕಾದವನು ಗೋಲು ಕಾಯುವವನು. ಓಡುವ, ಹೊಡೆಯುವ ಆಟಗಾರರಿಗೆ ತಂಡದಲ್ಲಿ ಹಲವು ಜಾಗ ಇರುತ್ತವೆ, ಗೋಲಿಗೆ ಇರುವುದು ಒಂದೇ. 1942ರಿಂದ 1967ರವರೆಗೆ ಮೇಲಿನ ಲೀಗಿನಲ್ಲಿ ಇದ್ದದ್ದು ಆರೇ ತಂಡ. ಅಂದರೆ ಇಡೀ ಖಂಡದಲ್ಲಿ ಆರು ಜನ ಗೋಲಿಗಳಿಗೆ ಕಾಯಂ ಕೆಲಸ.

ಜಾನಿ ಬೋವರ್ ಎಂಬವನು 1945ರಲ್ಲಿ ಕೆಳಗಿನ ಲೀಗಿನ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ತಂಡ ಸೇರಿದ. ವರ್ಷದ ಮೇಲೆ ವರ್ಷ ಅಲ್ಲಿಯೇ. 1953ರಲ್ಲಿ ನ್ಯೂಯಾರ್ಕಿನ ತಂಡ ಅವನನ್ನು ಮೇಲಕ್ಕೆ ಕರೆಯಿತು, ಒಂದು ಋತು ಪೂರ್ತಿ ಆಡಿಸಿತು, ಮರುವರ್ಷ ಕೆಳಗೆ ಕಳಿಸಿತು. ಅವನು ಮತ್ತೆ ಬಸ್ಸು ಹತ್ತಿದ. 1958ರಲ್ಲಿ, ಮೂವತ್ತನಾಲ್ಕರ ಹೊಸ್ತಿಲಲ್ಲಿ, ಇನ್ನೊಬ್ಬನಾದರೆ ಬೂಟು ಬಿಚ್ಚುವ ವಯಸ್ಸಿನಲ್ಲಿ, ಟೊರಾಂಟೊ ಮೇಪಲ್ ಲೀಫ್ಸ್ ಅವನನ್ನು ತೆಗೆದುಕೊಂಡಿತು. ಆಮೇಲೆ ಆ ತಂಡ 1962, 63, 64, 67ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಾಗಲೆಲ್ಲ ಬೋವರ್ ಅಲ್ಲಿದ್ದ. ವೃತ್ತಿಯ ಬಹುಪಾಲು ಮುಖಕ್ಕೆ ಮುಖವಾಡ ಇಲ್ಲದೆ ಆಡಿದವನು ಅವನು. ಗಟ್ಟಿ ರಬ್ಬರಿನ ಬಿಲ್ಲೆ ಅವನ ಮುಖದ ಮೇಲೆ ಬರೆದಿಟ್ಟ ಗಾಯದ ಗುರುತುಗಳು ಪೈಲವಾನನ ಮುರಿದ ಕಿವಿಯಂತೆ, ಕಸುಬಿನ ಮುದ್ರೆ. ಬೋವರನ ಕಥೆ ಸುಖಾಂತವಾದದ್ದರಿಂದ ನಮಗೆ ತಿಳಿದಿದೆ. ಅವನಷ್ಟೇ ಕಾಲ ಕಾದು, ಕರೆ ಬಾರದೆ ಉಳಿದವರ ಹೆಸರು ತಿಳಿದಿರುವುದು ಆಯಾ ಊರಿನ ಹಳಬರಿಗೆ.

ಒಂದು ವ್ಯತ್ಯಾಸವನ್ನು ಮರೆಯಬಾರದು. ಬೋವರನಿಗೆ ಕೆಳಗಿನ ಲೀಗಿನಲ್ಲೂ ಬರಹದ ಕರಾರು ಇತ್ತು, ಎಷ್ಟು ಪಂದ್ಯ ಆಡಿದ, ಎಷ್ಟು ಗೋಲು ಬಿಟ್ಟುಕೊಟ್ಟ ಎಂಬ ಲೆಕ್ಕ ಪುಸ್ತಕದಲ್ಲಿ ಉಳಿದಿದೆ. ಜಾತ್ರೆಯ ಪೈಲವಾನ ಎಷ್ಟು ಜೋಡಿ ಹಿಡಿದ ಎಂಬುದಕ್ಕೆ ಕಾಗದವಿಲ್ಲ. ಮನೆಯ ಮಾಡಿನಲ್ಲಿ ಕಪ್ಪಾದ ಎರಡು ಬೆಳ್ಳಿ ಕಡಗ ಇದ್ದರೆ ಇತ್ತು. ಬರಗಾಲದ ವರ್ಷ ಅದೂ ಅಡವು ಅಂಗಡಿಗೆ.

ಈ ಕಾಗದದ ಮಾತು ಮುಂದೆ ಬಹಳ ದೊಡ್ಡದಾಯಿತು. 1948ರ ಮಾರ್ಚಿನಲ್ಲಿ ಜಮಖಂಡಿ, ಮುಧೋಳ ಮುಂಬಯಿ ಪ್ರಾಂತದಲ್ಲಿ ಸೇರಿದವು, ಮರುವರ್ಷ ಕೊಲ್ಹಾಪುರ. ರಾಜರು ಹೋದರು, ಅವರ ಜತೆ ಖುರಾಕೂ ಹೋಯಿತು. ಕುಸ್ತಿಯ ಆಸರೆ ನಿಧಾನಕ್ಕೆ ಸಕ್ಕರೆ ಕಾರ್ಖಾನೆಗಳ, ಸಹಕಾರಿ ಧುರೀಣರ, ಆಮೇಲೆ ಶಾಸಕರ ಕೈಗೆ ಬಂತು. ಇನ್ನೊಂದು ಕಡೆ ಪೊಲೀಸ್, ರೈಲ್ವೆ, ಸೈನ್ಯ ಇವು ಪೈಲವಾನರಿಗೆ ನೌಕರಿ ಕೊಡತೊಡಗಿದವು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ವ್ಯವಸ್ಥೆ ಬಂತು. ನೌಕರಿ ಬೇಕಾದರೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬೇಕಾದರೆ ಸಂಘದ ಸ್ಪರ್ಧೆಯಲ್ಲಿ, ತೂಕದ ವರ್ಗದಲ್ಲಿ, ಮ್ಯಾಟಿನ ಮೇಲೆ ಹಿಡಿದಿರಬೇಕು. ನೂರು ಜಾತ್ರೆ ಗೆದ್ದವನಿಗೆ ಅಲ್ಲಿ ಅಂಕವಿಲ್ಲ.

ಮ್ಯಾಟಿಗೂ ಮಣ್ಣಿಗೂ ಎಷ್ಟು ದೂರವೆಂದು ಮೊದಲು ಜಗತ್ತಿಗೆ ತೋರಿಸಿದವರು ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರು ಆರನೆಯವರಾದರು. ಮುಂದಿನ ಸಲ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರರು ತಮ್ಮ ಮನೆ ಅಡವಿಟ್ಟು ಏಳು ಸಾವಿರ ರೂಪಾಯಿ ಹೊಂದಿಸಿದರು. 1952ರಲ್ಲಿ ಜಾಧವರು ತಂದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅಂಥವರೂ ಪೊಲೀಸ್ ಇಲಾಖೆಯಲ್ಲಿ ದುಡಿದು, ನಿವೃತ್ತಿಯ ನಂತರ ಪಿಂಚಣಿಗೆ ಅಲೆದು, 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಹದಿನೈದು ವರ್ಷಗಳ ಮೇಲೆ. ಮೊದಲ ಸಾಲಿನವರ ಗತಿ ಇದಾದರೆ ಎರಡನೇ ಸಾಲಿನವರ ಮಾತು ಬೇರೆ ಹೇಳಬೇಕಿಲ್ಲ.

ಕನ್ನಡ ನೆಲದಿಂದ ಕಡೆಯ ಜೋಡಿಗೆ ಏರಿದವರಲ್ಲಿ ದೊಡ್ಡ ಹೆಸರು ಶ್ರೀಪತಿ ಖಂಚನಾಳೆ ಅವರದು. 1934ರಲ್ಲಿ ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಪಳಗಿ, 1959ರಲ್ಲಿ ಹಿಂದ್ ಕೇಸರಿ ಆದರು. ಅದೇ ವರ್ಷ ಮಹಾರಾಷ್ಟ್ರ ಕೇಸರಿಯೂ ಅವರದಾಯಿತು. ಹುಟ್ಟಿದ್ದು ಇತ್ತ, ಬೆಳೆದದ್ದು ಅತ್ತ. ಗಡಿಯ ಎರಡೂ ಕಡೆಯವರು ಅವರನ್ನು ತಮ್ಮವರೆಂದರು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಬಾಗ್ಲಕೋಟಿ ಬೆಳಗಾವಿ ಕಡೆಯ ಹಳೆಯ ಪೈಲವಾನರು ಅವರೊಡನೆ ಹಿಡಿದ ದಿನಗಳಿಗಿಂತ, ಅವರ ಕುಸ್ತಿಗೂ ಮುಂಚೆ ಅದೇ ಕಣದಲ್ಲಿ ತಾವು ಹಿಡಿದದ್ದನ್ನು ನೆನೆಯುವವರಾಗಿದ್ದರೆ ಆಶ್ಚರ್ಯವಿಲ್ಲ. ಅದೂ ಒಂದು ಪದವಿಯೇ.

ಆಟ ಬಿಟ್ಟ ಮೇಲಿನ ಕಥೆ ಬಹುತೇಕ ಎಲ್ಲರದೂ ಒಂದೇ. ಮೊದಲು ಹೋಗುವುದು ಮೊಣಕಾಲು, ಇಲ್ಲವೇ ಭುಜ. ಕಿವಿ ಎಂದೋ ಮುದ್ದೆಯಾಗಿರುತ್ತದೆ. ತಿಕ್ಕಾಟದಲ್ಲಿ ರಕ್ತ ಹೆಪ್ಪುಗಟ್ಟಿ ಗಟ್ಟಿಯಾದದ್ದು ಅದು, ಮತ್ತೆ ಸರಿಯಾಗುವುದಿಲ್ಲ. ಸಾಮು ನಿಂತರೂ ಹಸಿವು ನಿಲ್ಲುವುದಿಲ್ಲ. ಉಂಡದ್ದು ಮೈಗೆ ಹತ್ತಿ, ನಲವತ್ತೈದಕ್ಕೆ ಏದುಸಿರು, ಸಕ್ಕರೆ ಕಾಯಿಲೆ. ನೌಕರಿ ಸಿಕ್ಕವನು ಉಳಿದ. ಹೊಲ ಇದ್ದವನು ಹೊಲಕ್ಕೆ ಮರಳಿದ. ಎರಡೂ ಇಲ್ಲದವನು ಸಿನಿಮಾ ಟಾಕೀಸಿನ ಬಾಗಿಲಲ್ಲೋ, ಗೋದಾಮಿನ ಮುಂದೆಯೋ ಕಾವಲು ಕೂತ. ಇಲ್ಲವೇ ಯಾರದೋ ಹಿಂದೆ ತೋಳು ತೋರಿಸುತ್ತ ಅಡ್ಡಾಡುವ ಕೆಲಸ ಹಿಡಿದ. 'ಪೈಲವಾನ' ಎಂಬ ಮಾತಿಗೆ ಪಟ್ಟಣಗಳಲ್ಲಿ ಬಂದ ಕೆಟ್ಟ ವಾಸನೆ ಹೀಗೆ ಬಂದದ್ದು. ಅದಕ್ಕೆ ಗರಡಿ ಹೊಣೆಯಲ್ಲ. ಮೂವತ್ತೆರಡರ ವಯಸ್ಸಿಗೆ ಕಸುಬು ಕಳೆದುಕೊಂಡವನಿಗೆ ಇನ್ನೊಂದು ಕಸುಬು ತೋರಿಸದ ಊರು ಹೊಣೆ.

ಕರ್ನಾಟಕ ಸರ್ಕಾರ ಮಾಜಿ ಪೈಲವಾನರಿಗೆ ಮಾಸಾಶನ ಕೊಡುತ್ತದೆ. ರಾಜ್ಯ, ರಾಷ್ಟ್ರ, ಅಂತರರಾಷ್ಟ್ರೀಯ ಎಂದು ಅದಕ್ಕೂ ಮೂರು ಮಟ್ಟ. ಭೂಲೋಕಮಲ್ಲನ ಮೂರು ದರ್ಜೆಯ ನೆನಪು ಬಾರದೆ ಇರದು. ಜ್ಯೇಷ್ಠಿಕನೋ ಗೋವಲನೋ ಎಂದು ಅಂದು ಮೈ ನೋಡಿ ಹೇಳುತ್ತಿದ್ದರು, ಇಂದು ಕಾಗದ ನೋಡಿ ಹೇಳಬೇಕು. ಮುರಿದ ಕಿವಿಯನ್ನು ದಾಖಲೆ ಎಂದು ಒಪ್ಪುವ ಕಚೇರಿ ಇಲ್ಲ. ಇರಬೇಕಿತ್ತು ಎಂದು ಹೇಳುವುದೂ ಸುಲಭವಲ್ಲ, ಸುಳ್ಳು ಕಿವಿಗಳೂ ಬಂದಾವು. ಆದರೂ ಇನಾಮು ಹಂಚಿದ ಜಾತ್ರೆಯ ಪಂಚರು ಒಂದು ಪುಸ್ತಕ ಇಟ್ಟು ಹೆಸರು ಬರೆದಿದ್ದರೆ, ಎಷ್ಟೋ ಮನೆಗಳಲ್ಲಿ ತಿಂಗಳ ಔಷಧಿಯ ಖರ್ಚಿಗೆ ದಾರಿಯಾಗುತ್ತಿತ್ತು.

ಹೊಸ ಕಾಲದ ದಾರಿಯಲ್ಲೂ ಕಡೆಯ ಮೆಟ್ಟಿಲು ಎತ್ತರದಲ್ಲೇ ಇದೆ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೋ ರೋಮನ್ ಶೈಲಿಯ 55 ಕಿಲೊ ವರ್ಗದಲ್ಲಿ ಕಂಚು ಗೆದ್ದರು. ಸೊಂಟದ ಕೆಳಗೆ ಹಿಡಿಯುವಂತಿಲ್ಲದ, ಕಾಲು ಬಳಸುವಂತಿಲ್ಲದ ಶೈಲಿ ಅದು. 'ಕಾಲ ಹಿಡೀಲೆ' ಎಂದು ಕೇಳುತ್ತ ಬೆಳೆಯುವ ಮಣ್ಣಿನ ಹುಡುಗರಿಗೆ ಪೂರಾ ಬೇರೆ ಪಾಠ. ಸೆಮಿಫೈನಲ್‌ನಲ್ಲಿ ಇರಾನಿನವನ ಎದುರು 7–1ರಿಂದ ಮುಂದಿದ್ದೂ 7–8ರಿಂದ ಸೋತು, ಕಂಚಿನ ಪಂದ್ಯದಲ್ಲಿ ಕೊರಿಯಾದ ಎದುರಾಳಿಯನ್ನು 7–4ರಿಂದ ಗೆದ್ದರು. ಏಷ್ಯಾದಲ್ಲಿ ಮೂರನೆಯ ಸ್ಥಾನ. ಕಡೆಯ ಜೋಡಿ ಎನ್ನಲು ಅಡ್ಡಿಯಿಲ್ಲ. ಆದರೆ ಜಾಗತಿಕ ಕುಸ್ತಿ ಸಂಸ್ಥೆ ಒಂದೊಂದು ಶೈಲಿಗೆ ಹತ್ತು ತೂಕದ ವರ್ಗ ನಡೆಸಿದರೆ ಒಲಿಂಪಿಕ್ಸ್ ತೆಗೆದುಕೊಳ್ಳುವುದು ಆರನ್ನೇ. ಗ್ರೀಕೋ ರೋಮನ್‌ನಲ್ಲಿ ಟೋಕಿಯೊ, ಪ್ಯಾರಿಸ್ ಎರಡೂ ಕಡೆ ಅತಿ ಕಡಿಮೆ ತೂಕ 60 ಕಿಲೊ. 55ರವನಿಗೆ ಅಲ್ಲಿ ಕಣವೇ ಇಲ್ಲ. ಐದು ಕಿಲೊ ಮೈ ಏರಿಸಿ, ಹುಟ್ಟಾ ದೊಡ್ಡ ಮೈಯವರ ಜತೆ ಹೊಸದಾಗಿ ಶುರು ಮಾಡಬೇಕು. ಕಣ್ಣಳತೆಯ ಪಂಚರಾದರೆ ಅಂಥ ಜೋಡಿಯನ್ನು ಕಟ್ಟುತ್ತಿರಲಿಲ್ಲ.

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನು ನುಂಗಿದ ಮೇಲೆ ಜನ ನವನಗರದ ಸೆಕ್ಟರುಗಳಿಗೆ ಹಂಚಿಹೋದರು. ಓಣಿಗೊಂದು ಗರಡಿ ಎಂಬ ಲೆಕ್ಕ ಓಣಿ ಇದ್ದರೆ ತಾನೆ. ಬೇರೆ ಊರುಗಳಲ್ಲೂ ಗರಡಿಯ ಜಾಗದಲ್ಲಿ ಕನ್ನಡಿ ಹಚ್ಚಿದ ಜಿಮ್ಮುಗಳು ಬಂದಿವೆ. ಅಲ್ಲಿ ಮೈ ಬೆಳೆಯುತ್ತದೆ, ಎದುರಾಳಿ ಇರುವುದಿಲ್ಲ. ಗದಗಿನ ಕಡೆ ಹೆಣ್ಣುಮಕ್ಕಳು ಕುಸ್ತಿಗೆ ಇಳಿದಿರುವುದು, ಮೈಸೂರು ದಸರೆಯಲ್ಲಿ ಅವರಿಗೂ ಕಿಶೋರಿ ಪಟ್ಟ ಬಂದಿರುವುದು ಈಚಿನ ಬದಲಾವಣೆ.

ಜಾತ್ರೆಗಳಲ್ಲಿ ಕುಸ್ತಿ ನಿಂತಿಲ್ಲ. ಧ್ವನಿವರ್ಧಕ ಬಂದಿದೆ, ಕಡೆಯ ಜೋಡಿಯ ಇನಾಮು ಲಕ್ಷ ಮುಟ್ಟುವುದುಂಟು, ಪಾಟಿಯ ಮೇಲೆ ನೀಡಿದವರ ಭಾವಚಿತ್ರ ಪೈಲವಾನರದಕ್ಕಿಂತ ದೊಡ್ಡದಾಗಿರುತ್ತದೆ. ಸಂಜೆಯ ಮೊದಲ ಇನಾಮು ಮಾತ್ರ ಬದಲಾಗಿಲ್ಲ. ಮಣ್ಣು ಮೆತ್ತಿದ ಹುಡುಗನೊಬ್ಬ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣದಿಂದ ಹೊರಗೆ ಓಡಿಬರುತ್ತಾನೆ. ಬದುವಿನ ಮೇಲೆ ಕೂತ ಮುದುಕರೊಬ್ಬರು, ಎರಡೂ ಕಿವಿ ಮುದ್ದೆಯಾದವರು, ಅವನನ್ನು ಹತ್ತಿರ ಕರೆದು ಕುತ್ತಿಗೆಯನ್ನು ಒಮ್ಮೆ ಮುಟ್ಟಿ ನೋಡುತ್ತಾರೆ.